ರಾತ್ರಿ ಊಟಕ್ಕೆ ಮನೆಗೆ

ಕೋಲ್ಕತ್ತದ ಎಸ್ಪ್ಲನೇಡಿನಲ್ಲಿ ಬೆಳಿಗ್ಗೆ ಆರೂವರೆಗೆ ಬಂದು ನಿಂತರೆ ಬಂಗಾಳದ ಯಾವ ದಿಕ್ಕಿಗೆ ಬೇಕಾದರೂ ಹೊರಡಬಹುದು. ಇಲ್ಲಿಯ ಜನರ ಬಾಯಲ್ಲಿ ಇದು ಧರ್ಮತಲಾ. ಮೈದಾನದ ಅಂಚಿನಲ್ಲಿ ದೂರದೂರಿನ ಬಸ್ಸುಗಳು, ದೀಘಾ ದೀಘಾ ಎಂದು ಕೂಗುವ ಕಂಡಕ್ಟರು, ಮಣ್ಣಿನ ಕುಡಿಕೆಯಲ್ಲಿ ಚಹಾ. ನೆಲದ ಕೆಳಗೆ ಮೆಟ್ರೊ. 1984ರ ಅಕ್ಟೋಬರಿನಲ್ಲಿ ದೇಶದ ಮೊದಲ ಮೆಟ್ರೊ ಓಡಿದ್ದು ಇಲ್ಲಿಂದ ಭವಾನಿಪುರಕ್ಕೆ. 2024ರ ಮಾರ್ಚಿನಿಂದ ಇದೇ ನಿಲ್ದಾಣದಲ್ಲಿ ಹತ್ತಿ ಹೂಗ್ಲಿ ನದಿಯ ತಳದಲ್ಲಿ ಹಾದು ಹೌರಾದಲ್ಲಿ ಇಳಿಯಬಹುದು. ಹೊಳೆಯ ಕೆಳಗಿನ ದಾರಿ ಮುಗಿಯಲು ಮುಕ್ಕಾಲು ನಿಮಿಷ ಸಾಕು. 2025ರ ಆಗಸ್ಟಿನಿಂದ ಆಚೆ ಕಡೆಯ ಸಿಯಾಲ್ದಾಕ್ಕೂ ನೇರ ದಾರಿಯಾಯಿತು. ಅಂದರೆ ಬಸ್ಸು ಕಣ್ಣೆದುರಿಗೆ, ಎರಡು ದೊಡ್ಡ ರೈಲು ನಿಲ್ದಾಣಗಳು ಕಾಲ ಕೆಳಗೆ. ವಾರಕ್ಕೊಂದು ಊರು ನೋಡುವ ಚಟದವನಿಗೆ ಇನ್ನೇನು ಬೇಕು? ನನಗೆ ಆ ಚಟ ಇದೆ. ಚಟ ಅಂತಲೇ ಬರೆಯುತ್ತೇನೆ. ಇತಿಹಾಸದ ಆಸಕ್ತಿ ಅಂತ ಹೇಳಿಕೊಂಡು ಓಡಾಡಿದ್ದು ಸಾಕು.

ಇತಿಹಾಸದಲ್ಲಿ ಆಸಕ್ತಿ ಇದ್ದವನು ಒಂದು ಊರಿಗೆ ಹೋದರೆ ಅಲ್ಲಿ ಒಂದು ರಾತ್ರಿ ಉಳಿದಾನು. ನಾನು ಉಳಿಯುವುದಿಲ್ಲ. ಮೊದಲು ಅದಕ್ಕೆ ಒಂದು ನೆವ ಇತ್ತು: ಬ್ಯಾಂಕಿನ ನೌಕರಿ, ಶನಿವಾರ ಅರ್ಧ ದಿನ ಕೆಲಸ, ಸಿಗುವುದು ಭಾನುವಾರ ಒಂದೇ. 2015ರ ಸೆಪ್ಟೆಂಬರ್ 1ರಿಂದ ಬ್ಯಾಂಕುಗಳಿಗೆ ತಿಂಗಳ ಎರಡನೇ, ನಾಲ್ಕನೇ ಶನಿವಾರ ಪೂರ್ತಿ ರಜೆ ಬಂತು. ಆ ನೆವ ಹೋಯಿತು, ಅಭ್ಯಾಸ ಹೋಗಲಿಲ್ಲ. ಶನಿವಾರ ಒಂದು ಊರು, ಭಾನುವಾರ ಇನ್ನೊಂದು. ನಡುವಿನ ರಾತ್ರಿ ಕಾಳಿಘಾಟಿನ ಬಾಡಿಗೆ ಮನೆಯಲ್ಲಿ ಅನ್ನ ಸಾರು. ಒಮ್ಮೆ ಎರಡು ದಿನವೂ ಒಂದೇ ಸಾಲಿನ ಊರುಗಳಿಗೆ ಹೋದೆ. ಮೊದಲ ದಿನ ಚಂದನನಗರ, ಮರುದಿನ ಅದರ ಮುಂದಿನ ಬ್ಯಾಂಡೆಲ್. ಮಧ್ಯೆ ಹೌರಾಕ್ಕೆ ಬಂದು ಮತ್ತೆ ಹೋದೆ. ಮನೆಯವಳು ನಗಲೂ ಇಲ್ಲ. "ರೀ, ನಿಮಗೆ ಊರು ನೋಡೋದು ಬೇಕಾಗಿಲ್ಲ, ಮನೆಗೆ ವಾಪಸ್ ಬರೋದು ಬೇಕಾಗಿದೆ" ಅಂದಳು. ಅವಳು ಶಾಲೆಯಲ್ಲಿ ಗಣಿತ ಹೇಳಿಕೊಡುವವಳು, ಲೆಕ್ಕ ತಪ್ಪುವುದು ಕಡಿಮೆ.

ಈ ವಾರಾಂತ್ಯದ ತಿರುಗಾಟ ಎಲ್ಲಿಂದ ಬಂತು ಎಂದು ಹುಡುಕಿಕೊಂಡು ಹೋದರೆ ದಾರಿ ಇದೇ ಎಸ್ಪ್ಲನೇಡಿಗೆ ಬರುತ್ತದೆ ಅನ್ನುವುದು ನನಗೆ ತಡವಾಗಿ ತಿಳಿಯಿತು. ಇಲ್ಲಿಂದ ಕೂಗಳತೆಯಲ್ಲಿರುವ, 2025ರವರೆಗೆ ರಾಜಭವನ ಎನ್ನಿಸಿಕೊಂಡಿದ್ದ ಮನೆಯನ್ನು ಕಟ್ಟಿಸಿದವನು ಗವರ್ನರ್ ಜನರಲ್ ವೆಲ್ಲೆಸ್ಲಿ. ಅದು ಮುಗಿದದ್ದು 1803ರಲ್ಲಿ. ಅರಮನೆಯಂಥ ಆ ಮನೆ ಸಾಲದೆ ಹೊಳೆಯ ಮೇಲ್ಗಡೆ ಬ್ಯಾರಕ್‌ಪುರದಲ್ಲಿ ಉದ್ಯಾನ, ಪ್ರಾಣಿಸಂಗ್ರಹ, ಬಂಗಲೆ ಮಾಡಿಸಿದ. ಅಲ್ಲಿಗೆ ದೋಣಿ ಇತ್ತು, ಮರ ನೆಟ್ಟ ನೇರ ರಸ್ತೆಯೂ ಆಯಿತು. ಅವನ ನಂತರದ ದೊರೆಗಳಿಗೆಲ್ಲ ವಾರದ ಕೊನೆಗೆ ಊರು ಬಿಟ್ಟು ಬ್ಯಾರಕ್‌ಪುರಕ್ಕೆ ಹೋಗುವುದು ವಾಡಿಕೆಯಾಯಿತು. ಸೋಮವಾರ ಕಚೇರಿ ಇದ್ದವರಿಗೆ ಮಾತ್ರ ಭಾನುವಾರ ಹೊರಗೆ ಹೋಗಬೇಕೆನ್ನಿಸುತ್ತದೆ. ಹೊಲ ಮಾಡುತ್ತಿದ್ದ ನನ್ನ ತಾತನಿಗೆ ಭಾನುವಾರ ಬಂದದ್ದು ಗೊತ್ತಾಗುತ್ತಿದ್ದದ್ದು ನಮಗೆ ಇಸ್ಕೂಲಿಲ್ಲ ಅನ್ನುವುದರಿಂದ. ಹಾಗಾಗಿ ನನ್ನ ಈ ಚಟ ತಾತನಿಂದ ಬಂದದ್ದಲ್ಲ, ವೆಲ್ಲೆಸ್ಲಿಯಿಂದ ಬಂದದ್ದು. ಇದನ್ನು ಒಪ್ಪಿಕೊಳ್ಳಲು ಸ್ವಲ್ಪ ಕಷ್ಟವಾಗುತ್ತದೆ. ಯಾಕೆಂದರೆ 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಒಡೆದದ್ದು ಅವನು ಹೂಡಿದ ಯುದ್ಧದಲ್ಲಿ, ನಾನು ಅಲ್ಲೇ ಪಕ್ಕದ ಪಾಂಡವಪುರದವನು. ಮಂಗಲ್ ಪಾಂಡೆ 1857ರ ಮಾರ್ಚಿನಲ್ಲಿ ಬಂದೂಕು ಎತ್ತಿದ್ದೂ ಬ್ಯಾರಕ್‌ಪುರದಲ್ಲೇ. ಅಲ್ಲಿಗೆ ಹೋದಾಗಲೆಲ್ಲ ನಾನು ನೆಂಟರಿಗೆ ಕಳಿಸುವುದು ಪಾಂಡೆಯ ಪ್ರತಿಮೆಯ ಫೋಟೊ. ನಾನು ಗಂಟೆಗಟ್ಟಲೆ ಕೂರುವುದು ಮಾತ್ರ ದೊರೆಗಳು ನೆಡಿಸಿದ ಮರಗಳ ಕೆಳಗೆ.

ಊರ ಕಡೆಯಿಂದ ಕಾಶಿ ಗಯಾ ಮುಗಿಸಿಕೊಂಡು ಬರುವ ನೆಂಟರಿಗೆ ಕೋಲ್ಕತ್ತ ತೋರಿಸುವ ಕೆಲಸ ನನ್ನದು. ಕಾಳಿಘಾಟ್, ದಕ್ಷಿಣೇಶ್ವರ, ಬೇಲೂರು ಮಠ ಆದ ಮೇಲೆ ಎಲ್ಲರನ್ನೂ ಎಸ್ಪ್ಲನೇಡಿಗೆ ತಂದು, ಚೌರಂಗಿ ರಸ್ತೆಗೆ ಧರ್ಮತಲಾ ಬೀದಿ ಸೇರುವ ಮೂಲೆಯಲ್ಲಿ ನಿಲ್ಲಿಸಿ, "ಇದೇನು ಗೊತ್ತಾ?" ಎಂದು ಕೇಳುತ್ತೇನೆ. ಬಸ್ಸಿನ ಹೊಗೆ, ಹಣ್ಣಿನ ಗಾಡಿಗಳ ಹಿಂದೆ ಸಾಲು ಗುಮ್ಮಟಗಳ ಮಸೀದಿ. ಟಿಪ್ಪು ಸುಲ್ತಾನನ ಮಗ ಗುಲಾಂ ಮುಹಮ್ಮದ್ 1842ರಲ್ಲಿ ಕಟ್ಟಿಸಿದ್ದು ಎಂದರೆ ಮಂಡ್ಯ ಕಡೆಯವರಿಗೆ ಒಂದು ಕ್ಷಣ ಮಾತು ಬರುವುದಿಲ್ಲ. ಆ ಒಂದು ಕ್ಷಣಕ್ಕಾಗಿಯೇ ನಾನು ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗುವುದು.

ಮಸೀದಿಯ ಕಥೆ ಬ್ಯಾಂಕಿನವನಿಗೆ ಹೇಳಿ ಮಾಡಿಸಿದ್ದು. ಕೋಟೆ ಬಿದ್ದಾಗ ಗುಲಾಂ ಮುಹಮ್ಮದ್ ಇನ್ನೂ ಎಳೆಯ ಮಗು. ಮನೆತನವನ್ನೆಲ್ಲ ಈಸ್ಟ್ ಇಂಡಿಯಾ ಕಂಪನಿಯವರು ವೆಲ್ಲೂರಿಗೆ ಸಾಗಿಸಿದರು. 1806ರ ಜುಲೈನಲ್ಲಿ ಅಲ್ಲಿ ಸಿಪಾಯಿಗಳು ದಂಗೆ ಎದ್ದರು. ಟಿಪ್ಪುವಿನ ಮಕ್ಕಳು ಅಲ್ಲಿದ್ದರೆ ಅಪಾಯ ಎಂದು ಅವರನ್ನು ಮೈಸೂರಿನಿಂದ ಆದಷ್ಟು ದೂರಕ್ಕೆ, ಅಂದರೆ ಕಲ್ಕತ್ತೆಗೆ ತಂದು ಟಾಲಿಗಂಜಿನ ಕಡೆ ಇರಿಸಿದರು. ಅವರಿಗೆ ಕಂಪನಿಯ ಪಿಂಚಣಿಯೇ ಜೀವನ. ಮಸೀದಿಯ ಶಿಲಾಫಲಕ ಹೇಳುವುದೇನೆಂದರೆ, ದೇವರಿಗೆ ಕೃತಜ್ಞತೆಯಾಗಿ ಮತ್ತು 1840ರಲ್ಲಿ ಕಂಪನಿಯ ನಿರ್ದೇಶಕರು ತನಗೆ ಬರಬೇಕಾಗಿದ್ದ ಪಿಂಚಣಿಯ ಬಾಕಿಯನ್ನು ಮಂಜೂರು ಮಾಡಿದ್ದರ ನೆನಪಿಗಾಗಿ ರಾಜಕುಮಾರ ಇದನ್ನು ಕಟ್ಟಿಸಿದ. ಅರಿಯರ್ಸ್ ಬಂದದ್ದಕ್ಕೆ ಮಸೀದಿ! ನಮ್ಮ ಶಾಖೆಯಲ್ಲಿ ವೇತನ ಪರಿಷ್ಕರಣೆಯ ಬಾಕಿ ಬಂದಾಗ ಜನ ಫ್ರಿಜ್ಜು ಕೊಂಡುಕೊಳ್ಳುತ್ತಾರೆ. ಅಪ್ಪನನ್ನು ಕೊಂದವರು ಕೊಟ್ಟ ಹಣದಿಂದ, ಅವರಿಗೂ ಒಂದು ಕೃತಜ್ಞತೆಯ ಸಾಲು ಕೆತ್ತಿಸಿ, ಅವರ ರಾಜಧಾನಿಯ ಎದೆಯ ಮೇಲೆ ತನ್ನ ದೇವರಿಗೆ ಮನೆ ಕಟ್ಟಿದವನ ಮನಸ್ಸಿನಲ್ಲಿ ಏನಿತ್ತೋ. ಅವನು ಸೋತು ಹಾಗೆ ಮಾಡಿದನೋ, ಇನ್ನು ನನ್ನನ್ನು ಇಲ್ಲಿಂದ ಯಾರು ಏಳಿಸುತ್ತಾರೋ ನೋಡೋಣ ಎಂದು ಮಾಡಿದನೋ, ಎರಡೂ ಇರಬಹುದು ಅನ್ನಿಸುತ್ತದೆ.

ನಾನು ಹೇಳಬೇಕಾದ್ದು ಆ ಮಸೀದಿಯ ಮುಂದೆ ನಾನು ಮಾಡುವ ವ್ಯಾಪಾರದ ಬಗ್ಗೆ. ನೆಂಟರು ಎಂಥವರು ಎಂದು ಮೊದಲೇ ಅಂದಾಜು ಮಾಡಿಕೊಂಡಿರುತ್ತೇನೆ. ಚಿಕ್ಕಪ್ಪನ ಕಡೆಯವರಾದರೆ ಟಿಪ್ಪು ಮೈಸೂರಿನ ಹುಲಿ. ಯುದ್ಧಕ್ಕೆ ರಾಕೆಟ್ಟು ಹಾರಿಸಿದವನು, ಬಂಗಾಳದಿಂದ ರೇಷ್ಮೆಹುಳು ತರಿಸಿ ನಮ್ಮ ಸೀಮೆಯಲ್ಲಿ ಸಾಕಿಸಿದವನು, ರಂಗನಾಥನಿಗೆ ಬೆಳ್ಳಿಯ ಪಾತ್ರೆ, ನಂಜನಗೂಡಿಗೆ ಪಚ್ಚೆಲಿಂಗ ಕೊಟ್ಟವನು. ಮನೆಯವಳ ಕಡೆಯ ಹಿರಿಯರಾದರೆ ಬೇರೆ ಟಿಪ್ಪು. ಮೇಲುಕೋಟೆ ನಮ್ಮ ತಾಲ್ಲೂಕಿನದೇ ಅಲ್ಲವೆ. ಟಿಪ್ಪುವಿನ ಕಾಲದಲ್ಲಿ ತಮ್ಮವರು ಹತರಾದರೆಂಬ ನೆನಪಿನಿಂದ ಅಲ್ಲಿಯ ಮಂಡ್ಯಂ ಅಯ್ಯಂಗಾರರ ಮನೆಗಳಲ್ಲಿ ಇವತ್ತಿಗೂ ನರಕ ಚತುರ್ದಶಿಯ ಹಬ್ಬವಿಲ್ಲ ಅನ್ನುವುದನ್ನು ದನಿ ತಗ್ಗಿಸಿ ಹೇಳುತ್ತೇನೆ. ಹೇಳುವುದೆಲ್ಲ ನಾನು ಬಾಲ್ಯದಿಂದ ಕೇಳಿದ್ದೇ, ಅದರಲ್ಲಿ ಕಟ್ಟುಕಥೆ ಇಲ್ಲ. ಆದರೆ ಎರಡನ್ನೂ ಒಟ್ಟಿಗೆ ಒಬ್ಬರಿಗೇ ಹೇಳಿದ್ದು ನೆನಪಿಲ್ಲ. ಕರ್ನಾಟಕ ಸರ್ಕಾರ 2015ರಲ್ಲಿ ಟಿಪ್ಪು ಜಯಂತಿ ಶುರುಮಾಡಿ 2019ರಲ್ಲಿ ನಿಲ್ಲಿಸಿದ ಮೇಲೆ ನನ್ನ ಈ ಜಾಣತನ ಇನ್ನಷ್ಟು ಚುರುಕಾಯಿತು. ಬಂದವರು ಸಂತೋಷದಿಂದ ಹೋಗಬೇಕು, ಇನ್ನೊಮ್ಮೆ ಬಂದಾಗ ನನ್ನನ್ನೇ ಕೇಳಬೇಕು, ಅಷ್ಟೆ. ಗೈಡುಗಳು ಇದನ್ನು ಹೊಟ್ಟೆಪಾಡಿಗೆ ಮಾಡುತ್ತಾರೆ. ನನಗೆ ಯಾರೂ ಕಾಸು ಕೊಡುವುದಿಲ್ಲ. 'ನಿನಗೆ ಎಷ್ಟೊಂದು ಗೊತ್ತಪ್ಪ' ಅನ್ನುತ್ತಾರೆ. ಈ ಕೂಲಿ ನನಗೆ ಸಾಕಾಗುತ್ತದೆ ಅನ್ನುವುದು ನನ್ನ ಬಗ್ಗೆ ನನಗೆ ಗೊತ್ತಿರುವ ಚೂಪಾದ ಸಂಗತಿಗಳಲ್ಲಿ ಒಂದು.

ಮಸೀದಿಯ ಒಳಗೆ ದಿನಕ್ಕೆ ಐದು ಹೊತ್ತು ಪ್ರಾರ್ಥನೆ ನಡೆಯುತ್ತದೆ. ಬರುವವರಲ್ಲಿ ಮಾರುಕಟ್ಟೆಯ ಕೂಲಿಗಳಿದ್ದಾರೆ, ಅಂಗಡಿ ಹುಡುಗರಿದ್ದಾರೆ. ಶ್ರೀರಂಗಪಟ್ಟಣ ಎಲ್ಲಿದೆ ಎಂದು ಅವರಲ್ಲಿ ಹೆಚ್ಚಿನವರಿಗೆ ಬೇಕಾಗಿಯೂ ಇಲ್ಲ. ಅವರಿಗೆ ಅದು ಪ್ರಾರ್ಥನೆಯ ಜಾಗ. ನನಗೆ ಊರು ನೆನಪಾಗುವ ಬೋರ್ಡು.

ಹೌರಾದಿಂದ ಮುಖ್ಯ ಮಾರ್ಗದ ಲೋಕಲ್ ಹತ್ತಿದರೆ ಹೊಳೆಯ ಬಲದಂಡೆಯುದ್ದಕ್ಕೂ ಒಂದಾದ ಮೇಲೊಂದು ಐರೋಪ್ಯರ ಹಳೆಯ ಠಾಣೆಗಳು ಬರುತ್ತವೆ: ಶ್ರೀರಾಮಪುರ ಡೇನರದು, ಚಂದನನಗರ ಫ್ರೆಂಚರದು, ಚೂಚುಡಾ ಡಚ್ಚರದು, ಬ್ಯಾಂಡೆಲ್ ಪೋರ್ಚುಗೀಸರದು. ಶ್ರೀರಾಮಪುರಕ್ಕೂ ಮುಂಚೆ ಹಿಂದ್‌ಮೋಟರ್ ನಿಲ್ದಾಣ. ಅಂಬಾಸಡರ್ ಕಾರು ತಯಾರಾಗುತ್ತಿದ್ದ ಆ ಕಾರ್ಖಾನೆ 2014ರಲ್ಲಿ ಬಾಗಿಲು ಹಾಕಿತು. ಚಂದನನಗರ 1950ರವರೆಗೂ ಫ್ರೆಂಚರ ಕೈಯಲ್ಲಿತ್ತು. ಅಲ್ಲಿಯ ನದಿದಂಡೆಯ ಕಲ್ಲುಬೆಂಚಿನಲ್ಲಿ ಕೂತು ಪರಿಚಯವಾದವರಿಗೆಲ್ಲ ನಮ್ಮೂರಿಗೂ ಹಿಂದೆ ಫ್ರೆಂಚ್ ರಾಕ್ಸ್ ಅನ್ನುವ ಹೆಸರಿತ್ತು, ಹೈದರ್ ಟಿಪ್ಪು ಕಾಲದಲ್ಲಿ ಫ್ರೆಂಚ್ ಪಡೆ ಅಲ್ಲಿ ಬಿಡಾರ ಹೂಡಿತ್ತು ಎಂದು ಹೇಳಿದ್ದೇನೆ. ಕೇಳಿದವರು ತಲೆಯಾಡಿಸಿ ಜಗದ್ಧಾತ್ರಿ ಪೂಜೆಯ ದೀಪಾಲಂಕಾರದ ಮಾತಿಗೆ ಹೋಗುತ್ತಾರೆ. ಸರಿಯಾಗಿಯೇ ಇದೆ. ಅವರ ಊರಿನಲ್ಲಿ ಕೂತು ನನ್ನ ಊರಿನ ಮಾತಾಡುವವನನ್ನು ಎಷ್ಟು ಹೊತ್ತು ಕೇಳಿಸಿಕೊಳ್ಳುವುದು?

ಶ್ರೀರಾಮಪುರದಲ್ಲಿ ಮಾತ್ರ ನನಗೆ ಗಂಟಲು ಕಟ್ಟಿತು. ವಿಲಿಯಂ ಕೇರಿ ಇಂಗ್ಲೆಂಡಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದವನು. 1793ರಲ್ಲಿ ಕಲ್ಕತ್ತೆಗೆ ಬಂದ. ಕಂಪನಿಗೆ ಪಾದ್ರಿಗಳನ್ನು ಕಂಡರೆ ಆಗುತ್ತಿರಲಿಲ್ಲವಾದ್ದರಿಂದ 1800ರಲ್ಲಿ ಡೇನರ ಈ ಊರು ಸೇರಿದ. ಅಲ್ಲಿ ಅಚ್ಚುಕೂಟ ಹಾಕಿದ. ಪಂಚಾನನ ಕರ್ಮಕಾರ, ಅವನ ಅಳಿಯ ಮನೋಹರ ಎಂಬ ಬಂಗಾಳಿ ಕಮ್ಮಾರರು ಭಾರತದ ಒಂದೊಂದೇ ಲಿಪಿಗೆ ಅಚ್ಚುಮೊಳೆ ಮಾಡುವ ಕೆಲಸ ಕಟ್ಟಿಕೊಟ್ಟರು. 1812ರ ಮಾರ್ಚಿನಲ್ಲಿ ಅಚ್ಚುಕೂಟಕ್ಕೆ ಬೆಂಕಿ ಬಿತ್ತು. ಕಾಗದ, ಮೊಳೆ, ವರ್ಷಗಟ್ಟಲೆ ಬರೆದ ಹಸ್ತಪ್ರತಿಗಳು ಹೋದವು; ಹೋದುದರಲ್ಲಿ ಕನ್ನಡದ ಕೆಲಸವೂ ಸೇರಿತ್ತು. ಕೇರಿ ಮತ್ತೆ ಕೂತು ಬರೆದ. 1817ರಲ್ಲಿ ಅವನ ಕರ್ನಾಟ ಭಾಷೆಯ ವ್ಯಾಕರಣ ಶ್ರೀರಾಮಪುರದಲ್ಲಿ ಅಚ್ಚಾಯಿತು. ಕನ್ನಡ ಅಕ್ಷರ ಅಚ್ಚಿನಲ್ಲಿ ಮೂಡಿದ ತೀರಾ ಮೊದಲ ಪುಸ್ತಕಗಳಲ್ಲಿ ಅದು ಒಂದು. ಕಾವೇರಿಯನ್ನು ಕಣ್ಣಿನಿಂದ ಕಾಣದ ಒಬ್ಬ, ಪಂಡಿತರನ್ನು ಇಟ್ಟುಕೊಂಡು, ಹೂಗ್ಲಿಯ ದಂಡೆಯಲ್ಲಿ ಕೂತು ನನ್ನ ಭಾಷೆಯ ವಿಭಕ್ತಿ ಪ್ರತ್ಯಯಗಳನ್ನು ಕೋಷ್ಟಕ ಮಾಡಿದ್ದ.

ಹೊಳೆಗೆ ಮುಖ ಮಾಡಿದ, 1818ರಲ್ಲಿ ಶುರುವಾದ ಶ್ರೀರಾಮಪುರ ಕಾಲೇಜಿನ ಎತ್ತರದ ಕಂಬಗಳ ಕೆಳಗೆ ನಿಂತಾಗ ನನಗೆ ಮೊದಲು ಬಂದದ್ದು ಹೆಮ್ಮೆ. ಇನ್ನೇನು ತಮ್ಮನಿಗೆ ಫೋಟೊ ಕಳಿಸಬೇಕು ಅನ್ನುವಾಗ ಎದುರಿನ ಗೋಡೆಯಲ್ಲಿ ಬಂಗಾಳಿಯಲ್ಲಿ ಏನೋ ಬರೆದಿತ್ತು. ನನಗೆ ಓದಲು ಬರಲಿಲ್ಲ. ಇಷ್ಟು ವರ್ಷ ಇಲ್ಲಿದ್ದೂ ನನಗೆ ಬಂಗಾಳಿ ಓದಲು ಬರುವುದಿಲ್ಲ. ಮಾತಾಡುತ್ತೇನೆ, ಮೀನಿನಂಗಡಿಯಲ್ಲಿ ಚೌಕಾಸಿ ಮಾಡುತ್ತೇನೆ, ಗಿರಾಕಿಗಳ ಜೊತೆ ಜಗಳವಾಡುತ್ತೇನೆ. ಬಸ್ಸಿನ ಬೋರ್ಡುಗಳನ್ನು ಅಕ್ಷರದ ಆಕಾರದಿಂದ ಗುರುತು ಹಿಡಿಯುತ್ತೇನೆ. ಕಲಿಯಲು ಹೊತ್ತಿರಲಿಲ್ಲ ಅನ್ನುವಂತಿಲ್ಲ. ಅದನ್ನು ಕಲಿತುಬಿಟ್ಟರೆ ಇಲ್ಲಿಯವನಾಗಿಬಿಡುತ್ತೇನೆ ಅನ್ನುವ ಭಯ ಇತ್ತು ಎಂದು ಈಗ ಅನ್ನಿಸುತ್ತದೆ. ಕೇರಿ 1834ರಲ್ಲಿ ಶ್ರೀರಾಮಪುರದಲ್ಲೇ ತೀರಿಕೊಂಡ. ಬಂದವನು 41 ವರ್ಷದಲ್ಲಿ ಒಮ್ಮೆಯೂ ಇಂಗ್ಲೆಂಡಿಗೆ ತಿರುಗಿ ಹೋಗಲಿಲ್ಲ. ಅವನು ಬಂದ ಉದ್ದೇಶದ ಬಗ್ಗೆ ನನ್ನ ತಕರಾರುಗಳು ಏನೇ ಇರಲಿ, ಆ ಸಂಜೆ ಆರರ ಲೋಕಲ್ಲಿನಲ್ಲಿ ಕಿಟಕಿ ಪಕ್ಕದ ಸೀಟು ಹಿಡಿದು ಮನೆಗೆ ಹೊರಟ ನನಗೆ ಅವನ ಮುಂದೆ ಬಾಯಿ ಇರಲಿಲ್ಲ.

ವಿಷ್ಣುಪುರದ ವಿಷಯ ಬೇಗ ಮುಗಿಸುತ್ತೇನೆ, ಅಲ್ಲಿ ನಾನು ಚೆನ್ನಾಗಿ ನಡೆದುಕೊಳ್ಳಲಿಲ್ಲ. ಮಲ್ಲರಾಜರ ಊರು. 1600ರ ರಾಸಮಂಚ, 1643ರ ಶ್ಯಾಮರಾಯ, ಎರಡು ಗುಡಿಸಲ ಮಾಡು ಜೋಡಿಸಿದಂಥ 1655ರ ಜೋಡ್‌ಬಾಂಗ್ಲಾ. ಗೋಡೆ ತುಂಬ ಸುಟ್ಟ ಮಣ್ಣಿನ ಹಲಗೆಗಳಲ್ಲಿ ರಾಮಾಯಣ, ಬೇಟೆ, ದೋಣಿಯಾತ್ರೆ. ನಾನು ಮೊದಲ ಗುಡಿಯಲ್ಲೇ 'ನಮ್ಮ ಸೋಮನಾಥಪುರದ ಮುಂದೆ ಇದೇನು' ಎಂದು ಶುರುಮಾಡಿದೆ. ಈ ಬಯಲಿನಲ್ಲಿ ನುಣುಪಾಗಿ ಕೆತ್ತಲು ಬರುವ ಕಲ್ಲಿಲ್ಲ. ಇರುವುದು ಒರಟು ಜಂಬಿಟ್ಟಿಗೆ, ಹೊಳೆ ತಂದ ಮೆಕ್ಕಲು. ಆ ಮಣ್ಣನ್ನೇ ಸುಟ್ಟು ಕಥೆ ಹೇಳಿದ್ದಾರೆ. ಇದು ಗೊತ್ತಿದ್ದೂ ಅಳತೆಗೋಲು ಬದಲಾಯಿಸಲಿಲ್ಲ. 2023ರ ಸೆಪ್ಟೆಂಬರ್ 17ರಂದು ಯುನೆಸ್ಕೊ ಪಟ್ಟಿಗೆ ಶಾಂತಿನಿಕೇತನ ಸೇರಿತು, ಮರುದಿನ ಹೊಯ್ಸಳರ ಬೇಲೂರು, ಹಳೇಬೀಡು, ಸೋಮನಾಥಪುರ. ಮೊದಲ ದಿನ ಸಹೋದ್ಯೋಗಿಗಳ ಸಂಭ್ರಮಕ್ಕೆ ನಾನು ಹೂಂ ಅಂದೆ. ಎರಡನೇ ದಿನ ನನ್ನ ಮೊಬೈಲಿನಿಂದ ಹೋದ ಸಂದೇಶಗಳನ್ನು ಈಗ ಓದಿದರೆ ಹೊಯ್ಸಳೇಶ್ವರ ಗುಡಿಗೆ ಗುತ್ತಿಗೆದಾರ ನಾನೇ ಅನ್ನಿಸಬೇಕು. ಸೋಮನಾಥಪುರವನ್ನು ನಾನು ನೋಡಿದ್ದು ಶಾಲೆಯ ಪ್ರವಾಸದಲ್ಲಿ, ಅದೂ ಪುಳಿಯೋಗರೆಯ ಡಬ್ಬಿ ಯಾರ ಹತ್ತಿರ ಇದೆ ಅನ್ನುವ ಚಿಂತೆಯಲ್ಲಿ.

ಕಲ್ಲಿನ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮೂರ ಕುಂತಿಬೆಟ್ಟದ ಬುಡದಲ್ಲಿ ಬೆಳೆದವನಿಗೆ ದಕ್ಷಿಣ ಬಂಗಾಳದ ಚಪ್ಪಟೆ ನೆಲ ತುಂಬ ದಿನ ಖಾಲಿಯಾಗಿಯೇ ಕಂಡಿತು. ಡೈಮಂಡ್ ಹಾರ್ಬರಿನಲ್ಲಿ ಹೊಳೆ ಸಮುದ್ರದಷ್ಟು ಅಗಲವಾಗುತ್ತದೆ; ನಾನು ಆಚೆ ದಡದಲ್ಲಿ ಒಂದು ಗುಡ್ಡವನ್ನು ಹುಡುಕುತ್ತ ಕೂತಿದ್ದೆ. ಸುಂದರಬನಕ್ಕೂ ಬೆಳಿಗ್ಗೆ ಹೋಗಿ ಸಂಜೆ ಬರುವ ಲೆಕ್ಕದಲ್ಲೇ ಹೋದೆ. ಗೊದಖಾಲಿಯಿಂದ ಹೊರಟ ಲಾಂಚು ಮಧ್ಯಾಹ್ನ ಒಂದು ಕಿರಿದಾದ ಕಾಲುವೆಯ ಬಾಯಲ್ಲಿ ನಿಂತುಬಿಟ್ಟಿತು. ಇಳಿತದ ಹೊತ್ತು, ನೀರು ಏರಬೇಕು. ಕೆಸರಿನಿಂದ ಸಾವಿರಾರು ಉಸಿರುಬೇರುಗಳು ಮೇಲೆದ್ದು ನಿಂತಿದ್ದವು, ಏಡಿಗಳು ಓಡಾಡುತ್ತಿದ್ದವು, ಅಂಬಿಗ ಬೀಡಿ ಹಚ್ಚಿದ್ದ. ಎಲ್ಲರೂ ಏನೋ ನೋಡುತ್ತಿದ್ದರು. ನಾನು ಕ್ಯಾನಿಂಗ್ ನಿಲ್ದಾಣದ ರೈಲಿನ ವೇಳಾಪಟ್ಟಿ ನೋಡುತ್ತಿದ್ದೆ. "ದಾದಾ, ಜೋಯಾರ್ ಬಂದರೆ ಹೋಗೋಣ" ಎಂದ ಅಂಬಿಗ. ಭರತ ಬರುವವರೆಗೂ ನಾನು ಅವನ ಮೇಲೆ ಸಿಟ್ಟಾಗಿಯೇ ಇದ್ದೆ. ಚಂದ್ರನ ಲೆಕ್ಕದಲ್ಲಿ ನಡೆಯುವ ನೀರಿಗೆ ನನ್ನ ರಾತ್ರಿಯ ಊಟ ಗೊತ್ತಿಲ್ಲವಲ್ಲ ಎಂಬುದು ಆ ಸಿಟ್ಟು.

ಕೋಲ್ಕತ್ತದಲ್ಲಿ ಒಂದು ರಾತ್ರಿಯನ್ನು ಮಾತ್ರ ನಾನು ಮನೆಯ ಹೊರಗೆ ಕಳೆದಿದ್ದೇನೆ. ನಮ್ಮ ಶಾಖೆಯ ಹಿರಿಯರೊಬ್ಬರ, ನಾನು ದಾದಾ ಎಂದು ಕರೆಯುವವರ, ತಂದೆ ತೀರಿಕೊಂಡಾಗ. ಕೇವಡಾತಲಾ ಸ್ಮಶಾನದಲ್ಲಿ ವಿದ್ಯುತ್ ಚಿತೆಗೆ ಸರದಿ ಇತ್ತು. ನಮ್ಮ ಮುಂದೆ ಇನ್ನೂ ಕೆಲವರು. ಹೊರಗಿನ ಅಂಗಡಿಯಲ್ಲಿ ಚಹಾ ಕುಡಿಯುತ್ತ, ಒಳಗೆ ಹೋಗಿ ಬರುತ್ತ, ನಡುರಾತ್ರಿ ದಾಟಿತು. ಹೊರಟುಬಿಡಬಹುದಿತ್ತು, ಮನೆ ನಡೆದರೆ ಹದಿನೈದು ನಿಮಿಷ. ಆದರೆ ದಾದಾ ಒಮ್ಮೆ ನನ್ನ ಹೆಗಲು ಹಿಡಿದುಕೊಂಡು ನಿಂತರು. ಆ ಮೇಲೆ ಹೊರಡಲು ಆಗಲಿಲ್ಲ. ಕೊನೆಗೆ ನಾಭಿಯನ್ನು ಮಣ್ಣಿನ ಮಡಕೆಯಲ್ಲಿಟ್ಟು ಆದಿಗಂಗೆಯಲ್ಲಿ ಬಿಟ್ಟರು. ಮನೆಗೆ ಬಂದು ಬೇವಿನೆಲೆ ಕಚ್ಚಿ, ಕಬ್ಬಿಣ ಬೆಂಕಿ ಮುಟ್ಟಿ ಒಳಗೆ ಹೋಗುವ ಕ್ರಮವನ್ನು ನನಗೂ ಮಾಡಿಸಿದರು.

ಸರದಿ ಕಾಯುವಾಗ ಯಾರೋ ಪಕ್ಕಕ್ಕೆ ಕೈ ತೋರಿಸಿ, "ಅದು ನಿಮ್ಮ ಮೈಸೂರು ರಾಜನದು" ಅಂದಿದ್ದರು. ಮೈಸೂರು ಗಾರ್ಡನ್ ಅನ್ನುತ್ತಾರೆ. ಹತ್ತನೆಯ ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರಿನಲ್ಲಿ ಕಲ್ಕತ್ತೆಗೆ ಬಂದವರು ಗಂಟಲುಮಾರಿಗೆ ತುತ್ತಾಗಿ 28ರಂದು ತೀರಿಕೊಂಡರು. ವಯಸ್ಸು 31. ಇಲ್ಲೇ ದಹನವಾಯಿತು. ಮೈಸೂರಿನಲ್ಲಿ ಹತ್ತು ವರ್ಷದ ಮಗ ಕೃಷ್ಣರಾಜ; ರಾಜ್ಯಭಾರ ತಾಯಿ ವಾಣಿವಿಲಾಸ ಸನ್ನಿಧಾನದವರ ಹೆಗಲಿಗೆ ಬಂತು. ಟಿಪ್ಪುವಿನ ಮಕ್ಕಳನ್ನು ಕಂಪನಿ ಊರು ಬಿಡಿಸಿದ ವರ್ಷವೇ ಪಟ್ಟಕ್ಕೆ ಕೂರಿಸಿದ್ದು ಒಡೆಯರ ವಂಶವನ್ನು. ಟಿಪ್ಪುವಿನ ಮನೆತನದವರ ಸಮಾಧಿಗಳೂ ಇದೇ ಕಾಳಿಘಾಟಿನ ಆಸುಪಾಸಿನಲ್ಲಿ, ಸತೀಶ್ ಮುಖರ್ಜಿ ರಸ್ತೆಯಲ್ಲಿವೆ. ಶ್ರೀರಂಗಪಟ್ಟಣದ ಸಿಂಹಾಸನ ಕಳಕೊಂಡವರು, ಪಡಕೊಂಡವರು ಇಬ್ಬರೂ ನನ್ನ ಬಾಡಿಗೆ ಮನೆಯಿಂದ ತರಕಾರಿ ತರುವ ದೂರದಲ್ಲಿ ಮಣ್ಣಾಗಿದ್ದಾರೆ. ನಾನು ಮಾತ್ರ ರಜೆ ಬಂದಾಗಲೆಲ್ಲ ಎಸ್ಪ್ಲನೇಡಿಗೆ ಹೋಗಿ ಇತಿಹಾಸಕ್ಕೆ ಟಿಕೆಟ್ಟು ತೆಗೆಯುತ್ತಿದ್ದೆ. ನಡೆದು ಹೋಗುವಷ್ಟು ಹತ್ತಿರ ಇದ್ದದ್ದಕ್ಕೆ ವಾಪಸ್ ಬರುವ ರೈಲು ಇರಲಿಲ್ಲವಲ್ಲ.

ಗುಲಾಂ ಮುಹಮ್ಮದನಿಗೆ ಹಿಂದಿರುಗುವ ದಾರಿಯೇ ಇರಲಿಲ್ಲ. ಕೇರಿಗೆ ಹಿಂದಿರುಗುವುದು ಬೇಕಿರಲಿಲ್ಲ. ಒಡೆಯರು ಹಿಂದಿರುಗುವ ಎಣಿಕೆಯಲ್ಲೇ ಬಂದಿದ್ದರು. ನನ್ನನ್ನು ಇವರ ಯಾವ ಸಾಲಿನಲ್ಲಿ ನಿಲ್ಲಿಸಬೇಕು? ಬಂದದ್ದು ವರ್ಗಾವಣೆಯ ಮೇಲೆ, ಮೂರು ವರ್ಷಕ್ಕೆಂದು. ಮನೆಯವಳಿಗೆ ಕೆಲಸ ಸಿಕ್ಕಿತು, ಮಗಳು ಹುಟ್ಟಿದಳು, ವರ್ಗಾವಣೆ ತಪ್ಪಿಸಿಕೊಳ್ಳಲು ಬಡ್ತಿ ಬಿಟ್ಟೆ. ಬಡ್ತಿ ಬಿಟ್ಟು ಉಳಿದ ಊರಿನಲ್ಲಿ ಮನೆ ಕೊಳ್ಳಲಿಲ್ಲ. ಗೋಡೆಗೆ ಮೊಳೆ ಹೊಡೆಯುವಾಗಲೂ ಬಾಡಿಗೆ ಮನೆ ಎಂದು ಯೋಚನೆ ಮಾಡಿದ್ದೇನೆ. ಪ್ರತಿ ದೀಪಾವಳಿಗೆ ಅಮ್ಮ ಫೋನಿನಲ್ಲಿ ಕೇಳುತ್ತಿದ್ದಳು, "ಯಾವಾಗ್ಲಾ ಬಂದ್ಬುಡೋದು?" "ಬತ್ತೀನ್ ಕನವ್ವ, ಇನ್ನೇನು" ಅನ್ನುತ್ತಿದ್ದೆ. ಅಮ್ಮ ಈಗಿಲ್ಲ.

ಊರಿಗೆ ಹೋದರೆ ತಮ್ಮ ಕಾರು ತೆಗೆಯುತ್ತಾನೆ. ಹಿಂದಿನ ವರ್ಷ ಶ್ರೀರಂಗಪಟ್ಟಣಕ್ಕೆ, ರಂಗನತಿಟ್ಟಿಗೆ ಕರೆದುಕೊಂಡು ಹೋದ. ಟಿಪ್ಪುವಿನ ದೇಹ ಸಿಕ್ಕ ಜಾಗದ ಕಲ್ಲಿನ ಎದುರು ಮಗಳು ಎಲ್ಲ ಓದಿಕೊಂಡಳು. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿ, "ಸಂಜೆ ಎಷ್ಟು ಗಂಟೆಗೆ ವಾಪಸ್?" ಅಂತ ಕೇಳಿದಳು. ಅವಳು ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅವಳಿಗೆ ಅದು ನೋಡುವ ಊರು. ತಮ್ಮ ನನ್ನ ಮುಖ ನೋಡಿದ. ನಾನು ಕರೀಘಟ್ಟದ ಕಡೆ ನೋಡುತ್ತಿದ್ದೆ, ಫೋಟೊ ತೆಗೆಯುವವನಂತೆ. ನಿಜ ಹೇಳಬೇಕೆಂದರೆ ಅವಳು ಕೇಳುವುದಕ್ಕೆ ಸ್ವಲ್ಪ ಮುಂಚೆ ನನ್ನ ಮನಸ್ಸಿನಲ್ಲೂ ಅದೇ ಲೆಕ್ಕ ನಡೆದಿತ್ತು.

ಈಗ ನಿವೃತ್ತಿ ಹತ್ತಿರ ಬಂದಿದೆ. ಮನೆ ಮಾಲೀಕರು ವಯಸ್ಸಾದವರು, ಮಗ ಪುಣೆಯಲ್ಲಿದ್ದಾನೆ. ಕಳೆದ ತಿಂಗಳು ಮೇಲೆ ಬಂದು, ಈ ಫ್ಲಾಟು ಹೊರಗಿನವರಿಗೆ ಕೊಡುವ ಮನಸ್ಸಿಲ್ಲ, ನೀವೇ ತೆಗೆದುಕೊಳ್ಳಿ, ಭಾನುವಾರ ಕೂತು ಮಾತಾಡೋಣ ಅಂದರು. ಆ ಭಾನುವಾರ ಬೆಳಗಾಗುವ ಮುಂಚೆ ಎದ್ದು ಹೌರಾಕ್ಕೆ ಹೋಗಿ ಕಾಟ್ವಾ ಲೋಕಲ್ ಹತ್ತಿದೆ. ಅಂಬಿಕಾ ಕಾಲ್ನಾದಲ್ಲಿ ಬರ್ಧಮಾನದ ಮಹಾರಾಜ ತೇಜಚಂದ್ರ 1809ರಲ್ಲಿ ಕಟ್ಟಿಸಿದ 108 ಶಿವಗುಡಿಗಳು ಎರಡು ವೃತ್ತವಾಗಿ ನಿಂತಿವೆ, ಹೊರಗೆ 74, ಒಳಗೆ 34. ರಾತ್ರಿ ಒಂಬತ್ತಕ್ಕೆ ಮನೆಗೆ ಬಂದಾಗ ಮಾಲೀಕರು ಮೆಟ್ಟಿಲ ಮೇಲೆಯೇ ಸಿಕ್ಕರು. ನಾನು ಅವರಿಗೆ ಮೊಬೈಲು ತೋರಿಸುತ್ತ ಹೊರವೃತ್ತ, ಒಳವೃತ್ತ ಎಂದು ವಿವರಿಸತೊಡಗಿದೆ. ಅವರು ಕನ್ನಡಕ ಸರಿಮಾಡಿಕೊಂಡು ಒಂದೊಂದೂ ಫೋಟೊ ನೋಡಿದರು. ಹುಟ್ಟಿದ್ದು ಬರ್ಧಮಾನ ಜಿಲ್ಲೆಯಲ್ಲೇ, ಕಾಲ್ನಾಕ್ಕೆ ಇದುವರೆಗೂ ಹೋಗಿಲ್ಲ ಎಂದರು. ಬೆಲೆಯ ಮಾತು ಮುಂದಿನ ಭಾನುವಾರಕ್ಕೆ ಹೋಯಿತು.